ಓಹರ್ನ್ ಶಾಲೆಯ ವಸಂತ: ಬಾಸ್ಟನ್ನಿನ ಒಂದು ಸಮನ್ವಯ ಪ್ರಾಥಮಿಕ ಶಾಲೆ ಮತ್ತು ಅದರ ಕುಟುಂಬಗಳು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಶಾಲಾ ವರ್ಷ ಸೆಪ್ಟೆಂಬರಿನಲ್ಲಿ ತೊಡಗಿ ಜೂನ್‌ವರೆಗೆ ಸಾಗುತ್ತದೆ. ಆದ್ದರಿಂದ ನಮ್ಮಲ್ಲಿ ವಾರ್ಷಿಕ ಪರೀಕ್ಷೆ ಮುಗಿದು ಮಕ್ಕಳು ಅಜ್ಜಿಯ ಊರಿನ ಬಸ್ಸು ಹತ್ತುವ ಹೊತ್ತಿಗೆ ಅಲ್ಲಿನ ಶಾಲೆಗಳು ವರ್ಷದ ಅತಿ ಬಿರುಸಿನ ಕಾಲದಲ್ಲಿರುತ್ತವೆ. 1998ರಲ್ಲಿ ಆರಂಭವಾದ ರಾಜ್ಯಮಟ್ಟದ ಪರೀಕ್ಷೆಗಳು, ಏಪ್ರಿಲ್ ಮೂರನೆಯ ಸೋಮವಾರ ಬರುವ ದೇಶಭಕ್ತರ ದಿನಕ್ಕೆ ಹೊಂದಿಕೊಂಡ ಒಂದು ವಾರದ ರಜೆ, ಮುಂದಿನ ವರ್ಷದ ತರಗತಿ ಹಂಚಿಕೆ, ಶಾಲೆ ಬಿಟ್ಟು ಹೋಗಲಿರುವ ಐದನೆಯ ತರಗತಿಯವರ ಬೀಳ್ಕೊಡುಗೆ, ಇವುಗಳ ನಡುವೆಯೇ ವಿಶೇಷ ಅಗತ್ಯತೆಯುಳ್ಳ ಪ್ರತಿ ಮಗುವಿಗೂ ಬೇರೆಬೇರೆಯಾಗಿ ರೂಪಿಸುವ ವೈಯಕ್ತಿಕ ಶಿಕ್ಷಣ ಯೋಜನೆಯ ವಾರ್ಷಿಕ ಪರಿಶೀಲನೆ, ಎಲ್ಲವೂ ವಸಂತದ ಈ ಮೂರು ತಿಂಗಳಲ್ಲಿ ಒತ್ತಿಕೊಂಡು ಬರುತ್ತವೆ. ಇಷ್ಟನ್ನೂ ಹೊತ್ತ ವಸಂತದ ಸುದ್ದಿಪತ್ರ ಮಗುವಿನ ಚೀಲದಲ್ಲಿ ಮನೆ ಸೇರುತ್ತದೆ. ಆ ಹಾಳೆಯನ್ನು ಮನೆಯಲ್ಲಿ ಯಾರು ಓದುತ್ತಾರೆ, ಓದಿದವರು ಶಾಲೆಯ ಬಾಗಿಲಿಗೆ ಏಕೆ ಬರುತ್ತಾರೆ ಅಥವಾ ಏಕೆ ಬರುವುದಿಲ್ಲ ಎಂಬುದೇ ಈ ಪ್ರಕರಣದ ಪ್ರಶ್ನೆ.

ಅಧ್ಯಯನಕ್ಕೆ ಆಯ್ದುಕೊಂಡಿರುವುದು ಬಾಸ್ಟನ್ ನಗರದ ಡಾರ್ಚೆಸ್ಟರ್ ಭಾಗದಲ್ಲಿದ್ದ ಪ್ಯಾಟ್ರಿಕ್ ಓಹರ್ನ್ ಪ್ರಾಥಮಿಕ ಶಾಲೆ. ಕುಟುಂಬಗಳ ಸಹಭಾಗಿತ್ವದ ವಿಷಯದಲ್ಲಿ ಈ ಶಾಲೆಯನ್ನು ಉದಾಹರಿಸುವ ಬರಹಗಳು ಬಹಳಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಅದನ್ನೊಂದು ಯಶೋಗಾಥೆಯಾಗಿ ಹೇಳಿ ಮುಗಿಸುತ್ತವೆ. ನನ್ನ ಆಸಕ್ತಿ ಇನ್ನೂ ಸಣ್ಣದು. ಅಲ್ಲಿ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ನಡೆಯಿತು ಎಂಬ ಕ್ರಮವನ್ನು ಬಿಡಿಸಿ ನೋಡಬೇಕೆನ್ನುವುದಷ್ಟೇ.

ಹಿನ್ನೆಲೆ

ಮ್ಯಾಸಚೂಸೆಟ್ಸ್ ರಾಜ್ಯವು ವಿಶೇಷ ಶಿಕ್ಷಣದ ಕಾನೂನನ್ನು 1972ರಲ್ಲೇ ಮಾಡಿತ್ತು. ಅಧ್ಯಾಯ 766 ಎಂದು ಕರೆಯಲಾಗುವ ಆ ಕಾನೂನು 1974ರಲ್ಲಿ ಜಾರಿಗೆ ಬಂತು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದದ್ದು ಅದರ ನಂತರ, 1975ರಲ್ಲಿ. ಹಾಗಿದ್ದರೂ ಕಾನೂನಿನ ಹೆಸರಿನಲ್ಲಿ ಬಹುಕಾಲ ನಡೆದದ್ದು ಪ್ರತ್ಯೇಕ ಕೊಠಡಿಗಳ ವ್ಯವಸ್ಥೆಯೇ. ಅದೇ 1974 ಬಾಸ್ಟನ್ನಿಗೆ ಇನ್ನೊಂದು ಕಾರಣಕ್ಕೆ ಮರೆಯಲಾಗದ ವರ್ಷ. ನಗರದ ಶಾಲೆಗಳು ಜನಾಂಗದ ಆಧಾರದಲ್ಲಿ ಬೇರ್ಪಟ್ಟಿವೆ ಎಂದು ಕಂಡುಕೊಂಡ ಫೆಡರಲ್ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ಅವರು ಮಕ್ಕಳನ್ನು ಬಸ್ಸುಗಳಲ್ಲಿ ಬೇರೆ ಬಡಾವಣೆಗಳ ಶಾಲೆಗೆ ಕಳುಹಿಸುವ ಆದೇಶ ನೀಡಿದರು, ಬೀದಿಗಳಲ್ಲಿ ಕಲ್ಲು ತೂರಾಟ ನಡೆಯಿತು, ಅನೇಕ ಕುಟುಂಬಗಳು ಸರ್ಕಾರಿ ಶಾಲೆಗಳನ್ನೇ ತೊರೆದವು. ಹದಿನೈದು ವರ್ಷಗಳ ನಂತರ, 1989ರಲ್ಲಿ, ನಗರವು ಪೋಷಕರೇ ತಮ್ಮ ವಲಯದ ಶಾಲೆಗಳನ್ನು ಆದ್ಯತೆಯ ಕ್ರಮದಲ್ಲಿ ಆರಿಸಿಕೊಳ್ಳುವ ಪದ್ಧತಿಗೆ ಬದಲಾಯಿತು. ಇದರಿಂದ ಯಾರೂ ಆರಿಸದ ಶಾಲೆಗೆ ಉಳಿಗಾಲವಿಲ್ಲ ಎಂಬ ಸ್ಥಿತಿ ಹುಟ್ಟಿತು.

ಓಹರ್ನ್ ಶಾಲೆಯನ್ನು ಸಮನ್ವಯ ಶಾಲೆಯಾಗಿ, ಅಂದರೆ ವೈಕಲ್ಯವುಳ್ಳ ಮತ್ತು ವೈಕಲ್ಯವಿಲ್ಲದ ಮಕ್ಕಳು ಒಂದೇ ತರಗತಿಯಲ್ಲಿ ಕಲಿಯುವ ಶಾಲೆಯಾಗಿ, ಮರುರೂಪಿಸಿದ್ದು ಇದೇ 1989ರಲ್ಲಿ. ಮುಖ್ಯೋಪಾಧ್ಯಾಯರಾಗಿ ಬಂದವರು ವಿಲಿಯಂ ಹೆಂಡರ್ಸನ್. ಅಕ್ಷಿಪಟಲ ಕ್ರಮೇಣ ಕ್ಷೀಣಿಸುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆ ತಮಗಿದೆ ಎಂದು ಅವರಿಗೆ ಗೊತ್ತಾದದ್ದು ಅದೇ ನಗರದಲ್ಲಿ ಶಿಕ್ಷಕರಾಗಿದ್ದಾಗ. ಈ ವೃತ್ತಿಯನ್ನು ಬಿಡುವುದೊಳಿತು ಎಂದು ವೈದ್ಯರು ಸಲಹೆ ಕೊಟ್ಟಿದ್ದರು. ಅವರು ಬಿಡಲಿಲ್ಲ. ಓಹರ್ನ್‌ನಲ್ಲಿ ಇಪ್ಪತ್ತು ವರ್ಷ ಮುಖ್ಯೋಪಾಧ್ಯಾಯರಾಗಿದ್ದು, ಆ ಅವಧಿಯಲ್ಲೇ ದೃಷ್ಟಿಯನ್ನು ಕಳೆದುಕೊಳ್ಳುತ್ತ, ಬ್ರೈಲ್ ಮತ್ತು ಬಿಳಿಕೋಲನ್ನು ರೂಢಿಸಿಕೊಳ್ಳುತ್ತ ಶಾಲೆ ನಡೆಸಿದರು.

ಶಾಲೆ ದೊಡ್ಡದಾಗಿರಲಿಲ್ಲ. ಶಿಶುವಿಹಾರದ ವಯಸ್ಸಿನಿಂದ ಐದನೆಯ ತರಗತಿಯವರೆಗೆ ಸುಮಾರು 220 ಮಕ್ಕಳು. ಅವರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ವಿಶೇಷ ಅಗತ್ಯತೆಯುಳ್ಳವರು, ಸೌಮ್ಯ ಕಲಿಕಾ ನ್ಯೂನತೆಯಿಂದ ಹಿಡಿದು ತೀವ್ರ ಬೌದ್ಧಿಕ ಮತ್ತು ದೈಹಿಕ ವೈಕಲ್ಯದವರೆಗೆ. ಅವರಿಗೆಂದು ಬೇರೆ ಕೊಠಡಿ ಇರಲಿಲ್ಲ. ಪ್ರತಿ ತರಗತಿಯಲ್ಲೂ ಎಲ್ಲ ಬಗೆಯ ಮಕ್ಕಳನ್ನು ಸೇರಿಸಿ, ಸಾಮಾನ್ಯ ಶಿಕ್ಷಕರು ಮತ್ತು ವಿಶೇಷ ಶಿಕ್ಷಕರು ಕೂಡಿಯೇ ಪಾಠ ನಡೆಸುವುದು, ಜೊತೆಗೆ ಸಹಾಯಕ ಸಿಬ್ಬಂದಿಯನ್ನು ಇಟ್ಟುಕೊಳ್ಳುವುದು ಅಲ್ಲಿನ ಪದ್ಧತಿ. ಕುಟುಂಬಗಳಲ್ಲಿ ಹೆಚ್ಚಿನವು ಕಡಿಮೆ ಆದಾಯದವು. ಶಾಲೆ ಇರುವ ಡಾರ್ಚೆಸ್ಟರ್ ಅವೆನ್ಯೂವಿನ ಉದ್ದಕ್ಕೂ ಐರಿಷ್ ಮೂಲದ ಹಳೆಯ ಕುಟುಂಬಗಳು, ಆಫ್ರಿಕನ್ ಅಮೆರಿಕನ್ನರು, ಹೈಟಿ ಮತ್ತು ಕೇಪ್ ವರ್ಡ್ ದ್ವೀಪಗಳಿಂದ ಬಂದವರು, ಫೀಲ್ಡ್ಸ್ ಕಾರ್ನರ್ ಸುತ್ತ ನೆಲೆಸಿದ ವಿಯೆಟ್ನಾಮೀಯರು ಹೀಗೆ ಎಷ್ಟೋ ಜನ. ಇಂಥ ಕಡೆ ಇಂಗ್ಲಿಷಿನಲ್ಲಿ ಮಾತ್ರ ಅಚ್ಚಾದ ಸುದ್ದಿಪತ್ರ ಅರ್ಧ ಬಡಾವಣೆಗೆ ಬರೀ ಬಣ್ಣದ ಕಾಗದವಾಗಿಯೇ ಉಳಿಯುತ್ತದೆ.

ಮೊದಲು ಮನೆ, ಆಮೇಲೆ ಪತ್ರ

1989ರಲ್ಲಿ ಈ ಶಾಲೆಯಲ್ಲಿ ಪೋಷಕರ ಪಾಲ್ಗೊಳ್ಳುವಿಕೆ ತೀರಾ ಕಡಿಮೆಯಿತ್ತು. ಅಂಥ ಸ್ಥಿತಿಯಲ್ಲಿ ಸಾಮಾನ್ಯವಾಗಿ ಶಾಲೆಗಳು ಮಾಡುವುದೇನೆಂದರೆ ಸಭೆ ಕರೆಯುವುದು, ಬಾರದವರ ಪಟ್ಟಿ ಮಾಡುವುದು, ಮುಂದಿನ ಸಭೆಗೆ ಇನ್ನಷ್ಟು ಗಟ್ಟಿಯಾದ ಭಾಷೆಯಲ್ಲಿ ಸೂಚನೆ ಕಳುಹಿಸುವುದು. ಓಹರ್ನ್ ಶಾಲೆ ಹಿಡಿದ ದಾರಿ ಬೇರೆ. ಅಲ್ಲಿ ಕುಟುಂಬಗಳನ್ನು ತಲುಪುವುದಕ್ಕೆಂದೇ ಒಂದು ತಂಡ ರೂಪುಗೊಂಡಿತು, ಮತ್ತು ಆ ತಂಡದಲ್ಲಿ ಪೋಷಕರೇ ಮುಂದೆ ನಿಂತರು. ಹೊಸದಾಗಿ ಸೇರಿದ ಮಕ್ಕಳ ಮನೆಗೆ ಹೋಗುತ್ತಿದ್ದವರು ಈಗಾಗಲೇ ಆ ಶಾಲೆಯಲ್ಲಿ ಮಕ್ಕಳನ್ನು ಓದಿಸುತ್ತಿದ್ದ ತಾಯಂದಿರು ಮತ್ತು ತಂದೆಯಂದಿರು. ಶಾಲೆ ಹೇಗಿದೆ, ಇಲ್ಲಿ ಎಲ್ಲ ಮಕ್ಕಳೂ ಒಂದೇ ತರಗತಿಯಲ್ಲಿ ಕೂರುವುದೆಂದರೆ ಏನು, ಯಾರನ್ನು ಏನು ಕೇಳಬಹುದು ಎಂಬುದನ್ನು ಅವರು ಮನೆಯಲ್ಲಿ ಕೂತು ಹೇಳುತ್ತಿದ್ದರು. ಶಾಲೆಯೊಳಗೆ ಕುಟುಂಬಗಳಿಗೆಂದು ಒಂದು ಜಾಗವನ್ನೂ ಮೀಸಲಿಟ್ಟಿದ್ದರು.

ಈ ಭೇಟಿಯ ಗುಟ್ಟು ಹೋದವರು ಯಾರು ಎಂಬುದರಲ್ಲಿದೆ. ಶಿಕ್ಷಕರು ಮನೆಗೆ ಬಂದರೆ ಮನೆಯವರು ಕುರ್ಚಿ ಒರೆಸಿ, ಮಗುವಿನ ಮುಖ ನೋಡಿ, ಇವನು ಏನು ಮಾಡಿಟ್ಟಿದ್ದಾನೋ ಎಂದು ಅಂದುಕೊಳ್ಳುವುದು ಎಲ್ಲ ದೇಶಗಳಲ್ಲೂ ಒಂದೇ ಎಂದು ಕಾಣುತ್ತದೆ. ಬಂದವರು ಇನ್ನೊಂದು ಮಗುವಿನ ತಾಯಿಯಾದರೆ ಮಾತು ಬೇರೆಯಾಗುತ್ತದೆ. ಅದರಲ್ಲೂ ವೈಕಲ್ಯವಿಲ್ಲದ ಮಗುವಿನ ಪೋಷಕರಿಗೆ ಸಮನ್ವಯ ಶಾಲೆಯ ಬಗ್ಗೆ ಒಳಗೊಳಗೇ ಇರುವ ಅನುಮಾನ, ತಮ್ಮ ಮಗು ಹಿಂದೆ ಬೀಳುತ್ತದೆಯೇ ಎಂಬುದು, ಶಿಕ್ಷಕರ ಎದುರು ಬಾಯಿಗೆ ಬರುವುದಿಲ್ಲ. ಇನ್ನೊಬ್ಬ ಪೋಷಕರ ಎದುರು ಬರಬಹುದು.

ಎರಡನೆಯದು ಮನೆಯಲ್ಲಿ ಓದಿಸುವ ಕಾರ್ಯಕ್ರಮ. ಪ್ರತಿ ಕುಟುಂಬವೂ ಮಗುವಿನೊಂದಿಗೆ ಓದಬೇಕು ಅಥವಾ ಮಗುವಿಗೆ ಓದಿ ಹೇಳಬೇಕು ಎಂಬುದು ಶಾಲೆಯ ನಿರೀಕ್ಷೆ. ಇದಕ್ಕೆ ಶಾಲೆಗೆ ಬರುವ ಅಗತ್ಯವಿಲ್ಲ. ರಾತ್ರಿ ಪಾಳಿಯ ಕೆಲಸಕ್ಕೆ ಹೋಗುವ ತಾಯಿಗೂ, ಓದಲು ಬಾರದೆ ಪುಸ್ತಕದ ಚಿತ್ರ ತೋರಿಸಿ ತಮ್ಮ ಭಾಷೆಯಲ್ಲಿ ಕಥೆ ಕಟ್ಟುವ ಅಜ್ಜನಿಗೂ ಇಂಥದ್ದರಲ್ಲಿ ಜಾಗವಿರುತ್ತದೆ. ಸಮನ್ವಯದ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಗುಣವಿದೆ: ಮಾತು ಬಾರದ ಮಗುವಿನ ಮನೆಗೂ, ತರಗತಿಗೇ ಮುಂದಿರುವ ಮಗುವಿನ ಮನೆಗೂ ಶಾಲೆ ಕೇಳುತ್ತಿದ್ದದ್ದು ಒಂದನ್ನೇ. ಎಲ್ಲರ ಮನೆಗೂ ಹೋಗುವ ಒಂದೇ ಬೇಡಿಕೆಗಿಂತ ಹೆಚ್ಚಾಗಿ ಸಮಾನತೆಯನ್ನು ಸೂಚಿಸುವ ಇನ್ನೊಂದು ಪತ್ರವನ್ನು ನಾನಂತೂ ಊಹಿಸಲಾರೆ.

ಪೋಷಕರು ಹೇಳಿದ್ದು

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಕ್ಯಾರೆನ್ ಮ್ಯಾಪ್ ಅವರು 1990ರ ದಶಕದ ಕೊನೆಯಲ್ಲಿ ಈ ಶಾಲೆಯ 18 ಮಂದಿ ಪೋಷಕರೊಂದಿಗೆ ಆಳವಾದ ಸಂದರ್ಶನ ನಡೆಸಿದರು. ಅದರ ಫಲಿತ ಲೇಖನವಾಗಿ 2003ರಲ್ಲಿ ಪ್ರಕಟವಾಯಿತು. ಅಧ್ಯಯನದ ಹೊತ್ತಿಗೆ ಶಾಲೆಯ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕುಟುಂಬಗಳು ಮನೆಯಲ್ಲೋ ಶಾಲೆಯಲ್ಲೋ ಕನಿಷ್ಠ ಒಂದು ಚಟುವಟಿಕೆಯಲ್ಲಿ ಭಾಗಿಯಾಗುತ್ತಿದ್ದವು. ಕನಿಷ್ಠ ಒಂದು ಎಂಬುದು ಸಡಿಲವಾದ ಅಳತೆ ಎಂದು ಇಲ್ಲಿಯೇ ಹೇಳಿಬಿಡಬೇಕು. ಆದರೆ ಮ್ಯಾಪ್ ಅವರ ಕೆಲಸದ ಬೆಲೆ ಸಂಖ್ಯೆಯಲ್ಲಿಲ್ಲ. ಅವರು ಪೋಷಕರನ್ನೇ ಕೇಳಿದರು: ನೀವು ಏಕೆ ಮತ್ತು ಹೇಗೆ ಭಾಗಿಯಾಗುತ್ತೀರಿ?

ಪೋಷಕರ ಉತ್ತರಗಳಲ್ಲಿ ಮೊದಲು ಎದ್ದು ಕಾಣುವುದು ಅವರಿಗಿದ್ದ ಅರಿವು. ತಾವು ಕೈಜೋಡಿಸಿದರೆ ಮಗುವಿಗೆ ಒಳ್ಳೆಯದಾಗುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು; ಅದನ್ನು ಸಭೆ ಕರೆದು ತಿಳಿಸಬೇಕಾಗಿರಲಿಲ್ಲ. ಕಾಳಜಿ ಇಲ್ಲದ ಪೋಷಕರು ಎಂಬ ಶಿಕ್ಷಕರ ಕೊಠಡಿಯ ಹಳೆಯ ಮಾತಿಗೆ ಇದು ನೇರ ಉತ್ತರ. ಎರಡನೆಯದಾಗಿ, ಮನೆಯಲ್ಲಿ ನಡೆಯುವ ಎಷ್ಟೋ ಕೆಲಸಗಳು, ಮಗುವನ್ನು ಹುರಿದುಂಬಿಸುವುದು, ದಿನ ಹೇಗೆ ಕಳೆಯಿತೆಂದು ವಿಚಾರಿಸುವುದು, ಹೋಂವರ್ಕ್ ನೋಡುವುದು, ಶಾಲೆಯ ಲೆಕ್ಕಕ್ಕೆ ಸಾಮಾನ್ಯವಾಗಿ ಸಿಗದೇ ಹೋಗುತ್ತವೆ. ಪೋಷಕರಾದರೋ ಅವನ್ನೇ ತಮ್ಮ ಮುಖ್ಯ ಪಾಲ್ಗೊಳ್ಳುವಿಕೆ ಎಂದು ಭಾವಿಸಿದ್ದರು. ಮೂರನೆಯದಾಗಿ, ತಾವು ಮಕ್ಕಳಾಗಿದ್ದಾಗ ಶಾಲೆಯಲ್ಲಿ ಅನುಭವಿಸಿದ್ದು, ತಮ್ಮ ತಂದೆತಾಯಿ ನಡೆದುಕೊಂಡ ರೀತಿ, ಇವೆಲ್ಲ ಇಂದಿನ ಹೆಜ್ಜೆಯನ್ನು ನಿರ್ಧರಿಸುತ್ತಿದ್ದವು.

ಎಲ್ಲಕ್ಕಿಂತ ಮುಖ್ಯವಾದದ್ದು ಶಾಲೆಯವರು ತಮ್ಮನ್ನು ನಡೆಸಿಕೊಂಡ ಬಗೆ ಎಂದು ಪೋಷಕರು ಹೇಳಿದರು. ಮ್ಯಾಪ್ ಅದನ್ನು ಕೂಡಿಕೊಳ್ಳುವ ಪ್ರಕ್ರಿಯೆ ಎಂದು ಕರೆದು, ಸ್ವಾಗತಿಸುವುದು, ಗೌರವಿಸುವುದು, ಮಕ್ಕಳ ಕಲಿಕೆಯ ಸುತ್ತ ಬೆಸೆಯುವುದು ಎಂಬ ಮೂರು ಹಂತಗಳಲ್ಲಿ ವಿವರಿಸಿದರು. ಈ ಹಂತಗಳ ಅನುಕ್ರಮ ಗಮನಾರ್ಹ. ಸುದ್ದಿಪತ್ರ, ಸಭೆ, ಪರೀಕ್ಷೆಯ ವಿವರ, ಇವು ಮೂರನೆಯ ಹಂತದ ಸರಕು. ಮೊದಲ ಎರಡು ಹಂತ ನಡೆಯದ ಶಾಲೆಯಲ್ಲಿ ಪತ್ರ ಎಷ್ಟು ಚೆಂದವಾಗಿದ್ದರೂ ಅದು ಫ್ರಿಜ್ಜಿನ ಬಾಗಿಲಿಗೂ ಏರದೆ ಚೀಲದ ತಳದಲ್ಲಿ ಮುದುಡಿ ಉಳಿಯುತ್ತದೆ.

ಹೆಂಡರ್ಸನ್ ಅವರ ಕುರುಡುತನಕ್ಕೂ ಇದಕ್ಕೂ ಸಂಬಂಧವಿದೆಯೆಂದು ನನಗೆ ಅನ್ನಿಸುತ್ತದೆ, ಇದು ನನ್ನ ಊಹೆಯೇ ಇರಲಿ. ಬಾಗಿಲಲ್ಲಿ ನಿಂತ ಮುಖ್ಯೋಪಾಧ್ಯಾಯರು ಕಣ್ಣಿನಲ್ಲೇ ತಲೆದೂಗಿ ಮುಂದೆ ಸಾಗುವ ಅನುಕೂಲ ಅವರಿಗಿರಲಿಲ್ಲ. ಎದುರಿನವರು ಯಾರೆಂದು ತಿಳಿಯಬೇಕಾದರೆ ಮಾತಾಡಿಸಲೇಬೇಕು, ಹೆಸರು ಕೇಳಲೇಬೇಕು, ದನಿಯನ್ನು ನೆನಪಿಡಲೇಬೇಕು. ಮೇಲಾಗಿ, ಮಗುವಿನ ಕೈಲಾಗದ್ದರ ಪಟ್ಟಿಯನ್ನೇ ವರ್ಷಗಟ್ಟಲೆ ಕೇಳಿ ಬಂದ ತಾಯಿಯ ಎದುರು ಕೂತು ಮಾತಾಡುತ್ತಿದ್ದವರು ಸ್ವತಃ ಬಿಳಿಕೋಲು ಹಿಡಿದ ಶಾಲಾ ಮುಖ್ಯಸ್ಥರು. ಯಾವ ಸುದ್ದಿಪತ್ರವೂ ಹೇಳಲಾಗದ ಸುದ್ದಿ ಅದು.

ವಸಂತದ ಮೇಜು

ಇಷ್ಟೆಲ್ಲ ಹಿನ್ನೆಲೆ ಪರೀಕ್ಷೆಗೆ ಒಳಗಾಗುವುದು ವೈಯಕ್ತಿಕ ಶಿಕ್ಷಣ ಯೋಜನೆಯ ಪರಿಶೀಲನಾ ಸಭೆಯಲ್ಲಿ. ಅಮೆರಿಕದ ಕಾನೂನಿನಂತೆ ಈ ಯೋಜನೆಯನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ಪ್ರತಿ ಮಗುವಿನ ದಿನಾಂಕ ಬೇರೆಯಾದರೂ ಅನೇಕ ಶಾಲೆಗಳಲ್ಲಿ ಅದು ವಸಂತಕ್ಕೇ ಒತ್ತಿಬರುತ್ತದೆ. ಸಭೆಯಲ್ಲಿ ಪೋಷಕರು ಅತಿಥಿಗಳಲ್ಲ, ತಂಡದ ಸದಸ್ಯರು. ಅವರ ಜೊತೆಗೆ ವಿಶೇಷ ಶಿಕ್ಷಕರು, ಶಾಲಾ ಜಿಲ್ಲೆಯ ಪ್ರತಿನಿಧಿ, ಮೌಲ್ಯಮಾಪನದ ಫಲಿತಾಂಶವನ್ನು ಬಿಡಿಸಿ ಹೇಳಬಲ್ಲವರು, ಸಾಧ್ಯವಿದ್ದಲ್ಲಿ ಮಗುವೂ ಇರುತ್ತದೆ; ಸಾಮಾನ್ಯ ತರಗತಿಯ ಶಿಕ್ಷಕರು ಇರಲೇಬೇಕೆಂಬ ನಿಯಮ 1997ರ ತಿದ್ದುಪಡಿಯಿಂದ ಬಂತು. ಭಾಷೆ ಬಾರದ ಪೋಷಕರಿಗೆ ದುಭಾಷಿಯನ್ನು ಒದಗಿಸುವುದು ಶಾಲೆಯ ಹೊಣೆ. ಮ್ಯಾಸಚೂಸೆಟ್ಸ್‌ನಲ್ಲಿ ಪೋಷಕರು ಯೋಜನೆಯನ್ನು ಪೂರ್ತಿ ಒಪ್ಪಬಹುದು, ಪೂರ್ತಿ ತಿರಸ್ಕರಿಸಬಹುದು, ಅಥವಾ ಒಂದಷ್ಟನ್ನು ಒಪ್ಪಿ ಉಳಿದದ್ದನ್ನು ತಿರಸ್ಕರಿಸಬಹುದು. ಒಪ್ಪಿದ ಭಾಗ ಕೂಡಲೇ ಜಾರಿಗೆ ಬರುತ್ತದೆ. ಉತ್ತರಿಸಲು 30 ದಿನಗಳ ಕಾಲಾವಕಾಶವಿದೆ.

ಕಾಗದದ ಮೇಲೆ ಇದು ದೊಡ್ಡ ಅಧಿಕಾರ. ಮೇಜಿನ ಸುತ್ತ ಅದರ ರೂಪ ಬೇರೆ. ಒಂದು ಬದಿಗೆ ಐದಾರು ಮಂದಿ ವೃತ್ತಿಪರರು, ಅವರ ಮುಂದೆ ಅಂಕಿಗಳ ವರದಿ, ಬಾಯಿಯಲ್ಲಿ ಸಂಕ್ಷಿಪ್ತಾಕ್ಷರಗಳು. ಇನ್ನೊಂದು ಬದಿಗೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದ ತಾಯಿ ಒಬ್ಬರೇ. ಸಹಿ ಎಲ್ಲಿ ಹಾಕಬೇಕು ಎಂದು ಕೇಳಿ ಎದ್ದು ಹೋಗುವುದೇ ಅಲ್ಲಿ ಸುಲಭದ ದಾರಿ. ಆದರೆ ಹೊಸದಾಗಿ ಸೇರಿದಾಗ ತನ್ನ ಮನೆಗೆ ಬಂದಿದ್ದ ಇನ್ನೊಬ್ಬ ಪೋಷಕರನ್ನು ಬಲ್ಲ, ವರ್ಷವಿಡೀ ಮಗುವಿಗೆ ಓದಿ ಹೇಳಿದ, ಮುಖ್ಯೋಪಾಧ್ಯಾಯರಿಗೆ ಹೆಸರಿನಿಂದಲೇ ಪರಿಚಿತರಾದ ತಾಯಿಗೆ ಆ ಮೇಜಿನಲ್ಲಿ ಹೇಳಲು ಏನಾದರೂ ಇರುತ್ತದೆ. ಸಂಜೆ ಏಳು ಗಂಟೆಗೆ ಮಗು ಯಾವ ಪುಟದಲ್ಲಿ ಕೈಯಿಟ್ಟು ನಗುತ್ತದೆ ಎಂಬುದು ಯಾವ ಮೌಲ್ಯಮಾಪನದ ವರದಿಯಲ್ಲೂ ಇರುವುದಿಲ್ಲ, ಅದು ಅವರಿಗೆ ಮಾತ್ರ ಗೊತ್ತು.

ಈ ಸಭೆಗೆ ಕರೆಯುವ ಪತ್ರದ ಭಾಷೆಯ ಬಗ್ಗೆ ನನಗೊಂದು ಸ್ವಂತ ನೆನಪಿದೆ. ಹಿಂದೊಮ್ಮೆ ನಾನು ಒಡನಾಡಿದ ನಮ್ಮ ಕಡೆಯ ಒಂದು ಶಾಲೆಯಿಂದ ಮಾರ್ಚ್ ತಿಂಗಳಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಹುಡುಗನೊಬ್ಬನ ಮನೆಗೆ ಚೀಟಿ ಹೋಯಿತು: ತಮ್ಮ ಮಗನ ವಿಷಯವಾಗಿ ಚರ್ಚಿಸಬೇಕಾಗಿರುವುದರಿಂದ ಪೋಷಕರು ತಪ್ಪದೆ ಹಾಜರಾಗತಕ್ಕದ್ದು. ಬರೆದವರ ಮನಸ್ಸಿನಲ್ಲಿದ್ದದ್ದು ಮುಂದಿನ ವರ್ಷದ ಕಲಿಕೆಯ ಯೋಜನೆ. ಆ ತಾಯಿ ಮರುದಿನ ಬೆಳಿಗ್ಗೆ ಹುಡುಗನ ಹಳೆಯ ಅಂಕಪಟ್ಟಿ, ಆಧಾರ್ ಪ್ರತಿ, ವೈಕಲ್ಯದ ಪ್ರಮಾಣಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದು, ಬಾಗಿಲಲ್ಲೇ ನಿಂತು, "ಟಿ.ಸಿ. ಕೊಡ್ತೀರಾ ಮೇಡಂ?" ಎಂದು ಕೇಳಿದರು. ಅವರಿಗೆ ಶಾಲೆಯಿಂದ ಹಿಂದೆ ಬಂದಿದ್ದ ಪ್ರತಿ ಕರೆಯೂ ಯಾವುದಾದರೊಂದು ಬಾಗಿಲು ಮುಚ್ಚುವ ಕರೆಯಾಗಿತ್ತು. ಚೀಟಿಯಲ್ಲಿ ತಪ್ಪಾದ ಪದ ಒಂದೂ ಇರಲಿಲ್ಲ. ಅದಕ್ಕೆ ಮುಂಚೆ ನಡೆಯಬೇಕಿದ್ದ ಮಾತು ನಡೆದಿರಲಿಲ್ಲ, ಅಷ್ಟೇ.

ಸಮನ್ವಯ ಶಾಲೆಯ ಸಾಮಾನ್ಯ ಸುದ್ದಿಪತ್ರಕ್ಕೂ ಇದೇ ತೊಡಕು ಅಂಟಿಕೊಂಡಿದೆ. ಮಾರ್ಚ್ 21 ಡೌನ್ ಸಿಂಡ್ರೋಮ್ ದಿನ, ಏಪ್ರಿಲ್ 2 ಆಟಿಸಂ ದಿನ. ಆ ವಾರಗಳಲ್ಲಿ ಪತ್ರದ ಒಂದು ಮೂಲೆ ವಿಶೇಷ ಮಕ್ಕಳಿಗೆ ಮೀಸಲಾಗಿ, ಉಳಿದ ಪುಟಗಳಲ್ಲಿ ಅವರು ಕಾಣೆಯಾಗುವುದುಂಟು. ತರಗತಿಯಲ್ಲಿ ಒಟ್ಟಿಗೆ ಕೂರಿಸಿ ಸುದ್ದಿಯಲ್ಲಿ ಬೇರೆ ಕೂರಿಸಿದಂತಾಗುತ್ತದೆ. ಮೂರನೆಯ ತರಗತಿಯ ಬೀಜ ಮೊಳಕೆಯ ಪ್ರಯೋಗದ ವರದಿಯಲ್ಲಿ ಗಾಲಿಕುರ್ಚಿಯ ಹುಡುಗಿ ನೀರು ಹಾಕಿದ್ದು, ಮೊಳಕೆ ಎಣಿಸಿದ್ದು ಸಹಜವಾಗಿ ಬಂದರೆ ಸಾಕು, ಪ್ರತ್ಯೇಕ ಅಂಕಣ ಬೇಕಾಗುವುದಿಲ್ಲ.

ಪ್ರಕರಣದ ಮಿತಿಗಳು

ಓಹರ್ನ್ ಶಾಲೆಯನ್ನು ಮಾದರಿಯೆಂದು ಎತ್ತಿಕೊಳ್ಳುವ ಮುನ್ನ ಕೆಲವು ಸಂಗತಿಗಳನ್ನು ಮರೆಯಬಾರದು. ಬಾಸ್ಟನ್ನಿನ ಆಯ್ಕೆ ಪದ್ಧತಿಯಿಂದಾಗಿ ಆ ಶಾಲೆಗೆ ಬಂದ ಹಲವು ಕುಟುಂಬಗಳು ಅದನ್ನು ತಾವೇ ಆರಿಸಿಕೊಂಡು ಬಂದವು. ಆರಿಸಿಕೊಂಡು ಬಂದವರು ಕೈಜೋಡಿಸಲು ಮೊದಲೇ ಅರ್ಧ ಸಿದ್ಧರಿರುತ್ತಾರೆ. 220 ಮಕ್ಕಳ ಶಾಲೆಯಲ್ಲಿ ಎಲ್ಲರ ಹೆಸರು ತಿಳಿಯುವುದು ಸಾಧ್ಯ, ಸಾವಿರ ಮಕ್ಕಳ ಶಾಲೆಯಲ್ಲಿ ಕಷ್ಟ. ಒಬ್ಬರೇ ಮುಖ್ಯೋಪಾಧ್ಯಾಯರು ಎರಡು ದಶಕ ಒಂದೇ ಕಡೆ ಉಳಿಯುವುದು ಎಲ್ಲೆಡೆಯೂ ಅಪರೂಪ. 18 ಮಂದಿಯ ಸಂದರ್ಶನವು ಕಾರಣಗಳನ್ನು ತೋರಿಸಬಲ್ಲದೇ ಹೊರತು ಪ್ರಮಾಣವನ್ನಲ್ಲ, ಮತ್ತು ಸಂದರ್ಶನಕ್ಕೆ ಒಪ್ಪಿದವರ ಮಾತಿನಲ್ಲಿ ಬಾಗಿಲಿಗೇ ಬಾರದವರ ಮಾತು ಸಿಗುವುದಿಲ್ಲ. ಹಾಗಿದ್ದರೂ ಅಧ್ಯಯನದ ತಿರುಳು ಅಲ್ಲಿಗೇ ನಿಲ್ಲಲಿಲ್ಲ. ಅಮೆರಿಕದ ಶಿಕ್ಷಣ ಇಲಾಖೆ ಕುಟುಂಬ ಮತ್ತು ಶಾಲೆಗಳ ಪಾಲುದಾರಿಕೆಗಾಗಿ 2013ರಲ್ಲಿ ರೂಪಿಸಿದ ಚೌಕಟ್ಟಿನ ಹಿಂದೆ ಮ್ಯಾಪ್ ಅವರ ಕೆಲಸವೇ ಇದೆ; ಪೋಷಕರಿಗೆ ಕಲಿಸಿದರಷ್ಟೇ ಸಾಲದು, ಪೋಷಕರೊಂದಿಗೆ ಕೆಲಸ ಮಾಡುವುದನ್ನು ಶಿಕ್ಷಕರೂ ಕಲಿಯಬೇಕು ಎಂಬುದು ಅದರ ಆಧಾರ.

ಕರ್ನಾಟಕದ ಓದುಗರಿಗೆ ಈ ಪ್ರಕರಣ ದೂರದ್ದೆನಿಸಬೇಕಾಗಿಲ್ಲ. 2001ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ನಿರ್ವಹಣಾ ಸಮಿತಿಯ ನಾಲ್ಕನೆಯ ಮೂರು ಭಾಗ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ ಸಮನ್ವಯ ಶಿಕ್ಷಣವನ್ನು ಸರ್ಕಾರದ ಹೊಣೆಯಾಗಿಸಿದೆ. ಏಪ್ರಿಲ್‌ನಲ್ಲಿ ಫಲಿತಾಂಶದೊಂದಿಗೆ ಪೋಷಕರನ್ನು ಕರೆಯುವ ಸಮುದಾಯದತ್ತ ಶಾಲೆ ಕಾರ್ಯಕ್ರಮವೂ ಉಂಟು. ಮನೆ ಭೇಟಿಯೂ ಹೊಸದಲ್ಲ. ದಾಖಲಾತಿ ಆಂದೋಲನದಲ್ಲಿ ಶಿಕ್ಷಕರು ಬೀದಿ ಬೀದಿ ಸುತ್ತುತ್ತಾರೆ, ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗೆ ಸಂಪನ್ಮೂಲ ಶಿಕ್ಷಕರು ಹೋಗುತ್ತಾರೆ. ಇವುಗಳಲ್ಲಿ ಕಾಣದಿರುವುದು ಒಂದೇ: ಒಬ್ಬ ಪೋಷಕರು ಇನ್ನೊಬ್ಬ ಪೋಷಕರ ಮನೆಗೆ ಶಾಲೆಯ ಪರವಾಗಿ ಹೋಗುವುದು. ಅದಕ್ಕೆ ಅನುದಾನ ಬೇಕಿಲ್ಲ, ಸುತ್ತೋಲೆಯಂತೂ ಖಂಡಿತ ಬೇಡ.

ಹೆಂಡರ್ಸನ್ 2009ರಲ್ಲಿ ನಿವೃತ್ತರಾದರು. ಅದೇ ವರ್ಷ ಶಾಲೆಗೆ ಅವರ ಹೆಸರನ್ನೇ ಇಡಲಾಯಿತು. ಅವರ ಕಾಲದಲ್ಲಿ ಪ್ರತಿ ವಸಂತವೂ ಐದನೆಯ ತರಗತಿಯ ಮನೆಗಳಿಗೆ ಒಂದು ಕಠಿಣ ಪ್ರಶ್ನೆಯನ್ನು ತರುತ್ತಿತ್ತು, ಮುಂದೆ ಎಲ್ಲಿ ಎಂಬುದು. ಎಲ್ಲರೊಂದಿಗೆ ಕೂತು ಕಲಿತ ಮಗುವನ್ನು ಮಾಧ್ಯಮಿಕ ಶಾಲೆಯ ಪ್ರತ್ಯೇಕ ಕೊಠಡಿಗೆ ಕಳುಹಿಸಬೇಕಾದ ಸಾಧ್ಯತೆ ಯಾವ ಬೀಳ್ಕೊಡುಗೆ ಪತ್ರದಲ್ಲೂ ಮರೆಯಾಗುವಂಥದ್ದಲ್ಲ. ಮುಂದಿನ ವರ್ಷಗಳಲ್ಲಿ ಆ ಶಾಲೆ ಎರಡು ಆವರಣಗಳಿಗೆ ಹರಡಿಕೊಂಡು ಹನ್ನೆರಡನೆಯ ತರಗತಿಯವರೆಗೆ ಬೆಳೆಯಿತು. ಐದನೆಯ ತರಗತಿಯ ಮಗು ಈಗ ಬೇಸಿಗೆ ರಜೆ ಮುಗಿಸಿ ಆರನೆಯ ತರಗತಿಗೆ ಅದೇ ಗೆಳೆಯರೊಂದಿಗೆ ಹೋಗಬಹುದು.